ಪೆಟ್ಟಿಗೆಯ ಮೇಲಿನ ಕೈ

"ಸ್ವಲ್ಪ ಎತ್ತು, ಎತ್ತು. ಗೋಡೆಗೆ ತಾಗ್ತಿದೆ."

"ನಾನೆಲ್ಲಿಂದ ಎತ್ತಲಿ? ಭಾರ ಎಲ್ಲ ಕೆಳಗಿರೋನ ಮೇಲೇ ಬರೋದು. ಮೇಲೆ ನಿಂತವನಿಗೆ ಬರೀ ಮಾತು."

ಕನ್ನಡಕದಂಗಡಿಯ ಮಹಡಿಯಿಂದ ಇಳಿಯುವ ಮೆಟ್ಟಿಲು ಒಬ್ಬರು ಸಲೀಸಾಗಿ ಹತ್ತಿಳಿಯುವಷ್ಟೇ ಅಗಲ. ಅಲ್ಲಿ ಈಗ ಇಬ್ಬರಿದ್ದರು, ಅವರ ನಡುವೆ ಸೊಂಟದೆತ್ತರದ ಸ್ಪೀಕರ್ ಪೆಟ್ಟಿಗೆ. ಕೆಳಗಿನ ತುದಿ ಹಿಡಿದು ಹಿಂದೆ ಹಿಂದೆ ಇಳಿಯುತ್ತಿದ್ದವನು ಬೇಕರಿಯವನು. ಮೇಲಿನ ತುದಿಯಲ್ಲಿ ಅಂಗಡಿಯ ಒಡೆಯ. ಪೇಟೆಯವರೆಲ್ಲ ಅವನನ್ನು ಕನ್ನಡಕದವನು ಎಂದೇ ಕರೆಯುತ್ತಿದ್ದರು, ಮನೆಯವರೂ ಸಿಟ್ಟು ಬಂದಾಗ ಹಾಗೇ ಅನ್ನುತ್ತಿದ್ದರು.

ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಫಿಟ್ಟರನ ಮಗಳ ಫೋನ್ ಬಂದಿತ್ತು. ಅವಳು ಬಸ್ ಕಂಡಕ್ಟರ್. ಕೊನೆಯ ಸೀಟಿನವನಿಗೂ ಕೇಳುವಂತೆ ಮಾತಾಡಿ ಅಭ್ಯಾಸ. ಅಂಥವಳ ದನಿ ಫೋನಿನಲ್ಲಿ ಕಿವಿಗೊಟ್ಟು ಕೇಳಬೇಕಾದಷ್ಟು ಸಣ್ಣಗಿತ್ತು.

"ಅಪ್ಪ ಹೋಗ್ಬಿಟ್ರು ಮಾವ. ನಿದ್ದೇಲೇ."

ಕನ್ನಡಕದವನು ಏನು ಹೇಳಿದನೆಂದು ಅವನಿಗೇ ನೆನಪಿಲ್ಲ. ಇಂಥ ಹೊತ್ತಿನಲ್ಲಿ ಎಲ್ಲರೂ ಹೇಳುವುದನ್ನೇ ಹೇಳಿರಬೇಕು. ಆಮೇಲೆ ಅವಳು ಅಂದಳು: "ಅಮ್ಮ ಒಂದು ವಿಷಯ ಕೇಳು ಅಂದ್ರು. ನಿಮ್ಮ ಮಹಡಿ ಮೇಲೆ ಅಪ್ಪ ಮಾಡಿದ ಪೆಟ್ಟಿಗೆ ಇದೆಯಂತಲ್ಲ, ಅದನ್ನ ತರಕ್ಕಾಗತ್ತಾ? ಹಾಡು ಹಾಕೋ ಸಾಮಾನೂ ಬೇಕಂತೆ. ಸ್ಮಶಾನಕ್ಕೆ ಹೋಗೋ ಗಾಡಿ ಮೂರು ಗಂಟೆಗೆ ಬರತ್ತೆ, ಅದರೊಳಗೆ."

ಪೆಟ್ಟಿಗೆಯನ್ನು ಬೇಕರಿಯ ವ್ಯಾನಿಗೆ ಏರಿಸಿದರು. ಬೆಳಗಿನ ಬ್ರೆಡ್ಡು ಇಳಿಸಿ ಬಂದ ವ್ಯಾನು, ಒಳಗೆಲ್ಲ ಬೆಂದ ಹಿಟ್ಟಿನ ಘಮ. ಖಾಲಿ ಟ್ರೇಗಳ ನಡುವೆ ಪೆಟ್ಟಿಗೆ, ಅದರ ಪಕ್ಕ ಹಳೇ ಕಂಬಳಿಯಲ್ಲಿ ಸುತ್ತಿದ ರೆಕಾರ್ಡ್ ಪ್ಲೇಯರು, ಆಂಪ್ಲಿಫೈಯರು. ಯಾವ ರೆಕಾರ್ಡು ತರಬೇಕೆಂದು ಮಗಳು ಹೇಳಿರಲಿಲ್ಲ. ಕನ್ನಡಕದವನು ಕಪಾಟಿನ ಮುಂದೆ ತುಂಬಾ ಹೊತ್ತು ನಿಂತು, ಕೊನೆಗೆ ಒಂದನ್ನು ಎಳೆದುಕೊಂಡಿದ್ದ. ಅದನ್ನು ತೊಡೆಯ ಮೇಲಿಟ್ಟುಕೊಂಡೇ ಕೂತ.

ಬೇಕರಿಯವನು ಗಾಡಿ ಶುರು ಮಾಡಿದ. ಮೊದಲ ತಿರುವು ದಾಟಿದ ಮೇಲೆ ಕೇಳಿದ.

"ಪೆಟ್ಟಿಗೆ ಯಾಕೆ ಕೇಳಿರಬಹುದು?"

"ಅವನೇ ಮಾಡಿದ್ದಲ್ವಾ. ಒಂದು ಆಸೆ ಇರತ್ತೆ."

"ಅವನು ಮನೇಲಿ ಹೇಳಿರ್ತಾನೆ ಅಂತೀಯಾ?"

"ಏನನ್ನ?"

"ಏನನ್ನ ಅಂತ ಬೇರೆ ಕೇಳ್ತಾನೆ ನೋಡು" ಎಂದ ಬೇಕರಿಯವನು ರಸ್ತೆಯ ಕಡೆಗೇ ನೋಡುತ್ತ. "ನಾನೇನೋ ಬರೀ ಕಣ್ಣು ಮುಚ್ಕೊಂಡಿದ್ದೆ ಮಹರಾಯ. ಗುಂಡಿ ತಿರುಗಿಸಿದ್ದು ನೀನು."

ಕನ್ನಡಕದವನು ಕಿಟಕಿಯಾಚೆ ನೋಡಿದ.

*

ಆ ಮಹಡಿಯಲ್ಲಿ ಭಾನುವಾರ ಮಧ್ಯಾಹ್ನ ಸೇರುತ್ತಿದ್ದವರು ನಾಲ್ಕೇ ಜನ. ಪ್ಲೇಯರು ಕನ್ನಡಕದವನದು. ರೆಕಾರ್ಡುಗಳಲ್ಲಿ ಹೆಚ್ಚಿನವು ಬೇಕರಿಯವನವು. ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ ಅವನ ಚಿಕ್ಕಪ್ಪ ಬಂದರು ಬಂದರು ಅಲೆದು ತಂದುಕೊಟ್ಟಿದ್ದು. ಆ ಚಿಕ್ಕಪ್ಪನಿಗೆ ಅಮೆರಿಕದ ಹಾಡುಗಳ ಹುಚ್ಚು, ಬ್ಲೂಸ್, ಸದರ್ನ್ ರಾಕ್ ಅಂತ. ಬ್ಲೂಸ್ ಅಂದರೇನು ಎಂದು ಯಾರಾದರೂ ಕೇಳಿದರೆ ಬೇಕರಿಯವನ ಬಳಿ ಉತ್ತರ ಸಿದ್ಧವಿರುತ್ತಿತ್ತು: "ಅಳಕ್ಕೆ ನಾಚಿಕೆ ಆದವನು ತಾಳ ಹಾಕ್ತಾನಲ್ಲ, ಅದು. ಅದೇ ಮನುಷ್ಯನಿಗೆ ಒಂದು ಲಾರಿ ಸಿಕ್ಕಿದ್ರೆ ಸದರ್ನ್ ರಾಕ್."

ಮೂರನೆಯವರು ಟೀಚರಮ್ಮ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಎರಡು ಗಿಟಾರುಗಳು ಒಂದೇ ಸಾಲನ್ನು ಜೊತೆಜೊತೆಯಾಗಿ ನುಡಿಸುತ್ತ ಹೋಗಿ, ಯಾವ ಜಾಗದಲ್ಲಿ ಬೇರೆಯಾದವು ಎಂಬುದನ್ನು ಅವರು ಬೆರಳೆತ್ತಿ ತೋರಿಸುತ್ತಿದ್ದರು. ತಪ್ಪಿದ್ದೇ ಇಲ್ಲ.

ನಾಲ್ಕನೆಯವನು ಫಿಟ್ಟರ್, ಬಟ್ಟೆ ಮಿಲ್ಲಿನಲ್ಲಿ ಮಗ್ಗ ರಿಪೇರಿ ಮಾಡುವವನು. ಕನ್ನಡಕ ಮಾಡಿಸಲು ಬಂದವನು ಮೇಲಿನಿಂದ ಕೇಳಿಬಂದ ಗಿಟಾರಿಗೆ ತಲೆ ಎತ್ತಿ, ಅಳತೆ ಕೊಡುವುದನ್ನೇ ಮರೆತು ನಿಂತಿದ್ದ. ಮುಂದಿನ ಭಾನುವಾರ ಬಂದ. ಅದರ ಮುಂದಿನ ತಿಂಗಳು, ಮಿಲ್ಲಿಗೆ ಯಂತ್ರದ ಬಿಡಿಭಾಗ ಬರುತ್ತಿದ್ದ ಮರದ ಕ್ರೇಟುಗಳ ಹಲಗೆ ಬಿಚ್ಚಿ, ಉಜ್ಜಿ, ಈ ಸ್ಪೀಕರ್ ಪೆಟ್ಟಿಗೆಯನ್ನು ಮಾಡಿ ಹೊತ್ತು ತಂದ. ಒಂದು ಮೂಲೆಯಲ್ಲಿ 'ಇದು ಮೇಲ್ಮುಖ' ಎಂಬ ಬಾಣದ ಗುರುತು ಎಷ್ಟು ಉಜ್ಜಿದರೂ ಹೋಗಿರಲಿಲ್ಲ.

ಕೋಣೆಗೆ ಎರಡು ಕಟ್ಟಳೆ. ಹಾಡು ಮುಗಿಯುವವರೆಗೆ ಎಲ್ಲರೂ ಕಣ್ಣು ಮುಚ್ಚಿರಬೇಕು, ಬಾಯಿಯನ್ನೂ. ಮುಗಿದ ಮೇಲೆ ಒಬ್ಬೊಬ್ಬರೂ ಒಂದೊಂದು ಮಾತು ಹೇಳಬೇಕು. ಕಟ್ಟಳೆ ಕನ್ನಡಕದವನದು. "ಊರಿಗೆಲ್ಲ ಕಣ್ಣು ಕೊಡೋನು ನಮ್ಮ ಕಣ್ಣು ಮುಚ್ಚಿಸ್ತಾನೆ" ಎಂದು ಬೇಕರಿಯವನು ರೇಗಿಸುತ್ತಿದ್ದ.

ಫಿಟ್ಟರ್ ಪೆಟ್ಟಿಗೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಳ್ಳುತ್ತಿದ್ದ. ಬಲಗೈಯನ್ನು ಅದರ ನೆತ್ತಿಯ ಮೇಲೆ, ಮಗುವಿನ ತಲೆಯ ಮೇಲಿಡುವಂತೆ ಇಟ್ಟುಕೊಳ್ಳುತ್ತಿದ್ದ. ಮಾಡಿದವನಿಗೆ ಮಾಡಿದ್ದರ ಮೇಲೆ ಮೋಹ, ಅಷ್ಟೇ ಎಂದುಕೊಂಡಿದ್ದರು. ಮಾತಾಡುವಾಗ ಅವನದು ಯಾವಾಗಲೂ ಕೊನೆಯ ಸರದಿ. ಉಳಿದವರ ಮಾತೆಲ್ಲ ಮುಗಿಯುವವರೆಗೆ ಅವರ ಮುಖವನ್ನೇ ನೋಡುತ್ತಿದ್ದು, ಆಮೇಲೆ ನಿಧಾನವಾಗಿ ಒಂದು ಮಾತು ಆಡುತ್ತಿದ್ದ. ಹೀಗಾಗಿ ಅವನಿಗೆ ಕಡೇಮಾತು ಎಂದು ಹೆಸರು ಬಿತ್ತು. ಮೊದಲು ಅದರಲ್ಲಿ ಗೌರವವಿತ್ತು. ವರ್ಷಗಳು ಕಳೆದಂತೆ ಅವನ ಮಾತು ಟೀಚರಮ್ಮ ಆಡಿದ್ದನ್ನೇ ತಿರುಗಿಸಿ ಹೇಳಿದಂತೆ ಇರತೊಡಗಿತು. ಹೆಸರಿನಲ್ಲಿದ್ದ ಗೌರವ ಹೋಗಿ ಕೊಂಕು ಬಂತು.

ಆಮೇಲೆ ಒಂದು ಭಾನುವಾರ ಟೀಚರಮ್ಮ ಒಂದು ಹಳೆಯ ರೆಕಾರ್ಡು ತಂದರು. ವಯಸ್ಸಾದವನೊಬ್ಬ ಮೌತ್ ಆರ್ಗನ್ ಊದುತ್ತ, ಮರದ ನೆಲಕ್ಕೆ ಕಾಲಿನಿಂದ ತಾಳ ಬಡಿಯುತ್ತ ಹಾಡಿದ್ದು. ಬೇರೆ ವಾದ್ಯವೇ ಇಲ್ಲ. ಮುಗಿದಾಗ ಬೇಕರಿಯವನು ಕಣ್ಣೊರೆಸಿಕೊಳ್ಳುತ್ತಿದ್ದ. ಯಾರಿಗೂ ಮಾತು ಹೊರಡಲಿಲ್ಲ. ಫಿಟ್ಟರ್ ಒಬ್ಬೊಬ್ಬರ ಬಾಯಿಯನ್ನೂ ನೋಡಿದ, ಕಾದ, ಕೊನೆಗೆ ಮೊದಲ ಸಲ ತಾನೇ ಮೊದಲಾಗಿ ಮಾತಾಡಿದ.

"ಗಿಟಾರು ಚೆನ್ನಾಗಿತ್ತು."

ಟೀಚರಮ್ಮ ರೆಕಾರ್ಡನ್ನು ಚೀಲಕ್ಕೆ ಹಾಕಿಕೊಂಡು ಎದ್ದುಹೋದರು. ಮಾರನೇ ದಿನ ಅಂಗಡಿಗೆ ಬಂದು, "ಆ ಮನುಷ್ಯ ಕೇಳೋದೇ ಇಲ್ಲ. ನಾಟಕ ಆಡ್ತಾರೆ. ಅಂಥವರ ಜೊತೆ ಕೂತು ನಾನು ಯಾಕೆ ಕೇಳಬೇಕು?" ಎಂದರು.

"ನಾಟಕ ಹೌದೋ ಅಲ್ವೋ, ಪರೀಕ್ಷೆ ಮಾಡಿಬಿಡೋಣ" ಎಂದ ಕನ್ನಡಕದವನು.

ಪರೀಕ್ಷೆ ಅವನ ಕಸುಬು. ಕಣ್ಣು ತೋರಿಸಲು ಬರುವವರಲ್ಲಿ ಕೆಲವರು ಕೊನೆಯ ಸಾಲು ಕಾಣದಿದ್ದರೂ ಒಪ್ಪಿಕೊಳ್ಳುವುದಿಲ್ಲ; ನಾಚಿಕೆಗೆ ಊಹಿಸಿ ಓದುತ್ತಾರೆ. ಅಂಥವರಿಗೆಂದೇ ಅವನು ಒಂದು ಖಾಲಿ ಹಲಗೆ ಇಟ್ಟುಕೊಂಡಿದ್ದ. ಅದನ್ನು ತೂಗುಹಾಕಿ, "ಈಗ ಇದನ್ನ ಓದಿ" ಎನ್ನುತ್ತಿದ್ದ. ಓದುವವರೂ ಇದ್ದರು.

*

ಮಿಲ್ಲಿನ ಹಿಂದಿನ ಬೀದಿ. ಒಂದಕ್ಕೊಂದು ಅಂಟಿಕೊಂಡ ಮನೆಗಳು, ಎಲ್ಲಕ್ಕೂ ಒಂದೇ ಬಣ್ಣದ ಬಾಗಿಲು. ಫಿಟ್ಟರನ ಮನೆಯ ಮುಂದೆ ಬಾಡಿಗೆಯ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ಮಿಲ್ಲಿನವರು ಕೆಲವರು ಕೂತಿದ್ದರು, ಉಳಿದವರು ಗೋಡೆಗೊರಗಿ ನಿಂತಿದ್ದರು. ಪೆಟ್ಟಿಗೆ ಇಳಿಯುವುದನ್ನು ಕಂಡು ಅವರಲ್ಲಿ ಇಬ್ಬರು ಬಂದು ಕೈ ಕೊಟ್ಟರು.

ಮುಂದಿನ ಕೋಣೆಯಲ್ಲಿ ಮಂಚ. ಫಿಟ್ಟರನನ್ನು ಅದರ ಮೇಲೆ ಮಲಗಿಸಿ ಎದೆಯವರೆಗೆ ಬಿಳಿಯ ಬಟ್ಟೆ ಹೊದಿಸಿದ್ದರು. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ಕನ್ನಡಕವನ್ನು ಹಾಗೆಯೇ ಬಿಟ್ಟಿದ್ದರು. ಅದು ತಾನು ಮಾಡಿಕೊಟ್ಟದ್ದು ಎಂದು ಕನ್ನಡಕದವನಿಗೆ ಕಂಡಿತು. ಎಡಗಡೆಯ ಕಡ್ಡಿ ಸಡಿಲವಾಗಿತ್ತು. ಭಾನುವಾರ ಬಂದಾಗ ಒಂದು ಮಾತು ಹೇಳಿದ್ದರೆ ಬಿಗಿ ಮಾಡಿಕೊಡಬಹುದಿತ್ತು.

"ಅಪ್ಪಾ, ನಿಮ್ಮ ಪೆಟ್ಟಿಗೆ ಬಂತು!" ಎಂದು ಮಗಳು ಮಂಚದ ಕಡೆ ಬಾಗಿ ಗಟ್ಟಿಯಾಗಿ ಕೂಗಿಬಿಟ್ಟಳು. ಕೋಣೆಯಲ್ಲಿದ್ದವರೆಲ್ಲ ತಿರುಗಿದರು. ಅವಳು ತುಟಿ ಕಚ್ಚಿಕೊಂಡಳು. "ಅಭ್ಯಾಸ" ಎಂದಳು, ಯಾರಿಗೆಂದಿಲ್ಲದೆ.

ಕನ್ನಡಕದವನ ಕಾಲು ಹೊಸ್ತಿಲಲ್ಲೇ ನಿಂತಿತು. ಹಾಗಾದರೆ ಮನೆಯಲ್ಲಿ ಕೂಗಿ ಮಾತಾಡುತ್ತಿದ್ದರು. ಅವನ ಕಿವಿಯ ವಿಷಯ ಮನೆಯವರಿಗೆ ಗೊತ್ತಿತ್ತು.

ಮಂಚದ ತಲೆಯ ಹತ್ತಿರ ಫಿಟ್ಟರನ ಹೆಂಡತಿ ಕೂತಿದ್ದಳು. ಕನ್ನಡಕದವನನ್ನು ನೋಡಿ ಆಕೆಯ ತುಟಿಗಳು ಆಡಿದವು. ಮಾತು ಕೇಳಿಸಲಿಲ್ಲ. ಅತ್ತು ಅತ್ತು ಗಂಟಲು ಕಟ್ಟಿರಬೇಕೆಂದು ಅವನು ಹತ್ತಿರ ಹೋಗಿ ಬಾಗಿದ. ತುಟಿಗಳು ಇನ್ನೊಮ್ಮೆ ಆಡಿದವು, ಸ್ಪಷ್ಟವಾಗಿ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ, ಆದರೆ ಸದ್ದಿಲ್ಲದೆ. ಅವನು ಅರ್ಥವಾದಂತೆ ತಲೆ ಆಡಿಸಿದ.

"ಅಮ್ಮ, ದನಿ ಬಿಟ್ಟು ಮಾತಾಡು. ಅವರಿಗೆ ಕೇಳಿಸಲ್ಲ" ಎಂದಳು ಮಗಳು. ಮತ್ತೆ ಅವನ ಕಡೆ ತಿರುಗಿ, "ಅಪ್ಪ ತುಟಿ ನೋಡ್ಕೊಂಡೇ ಮಾತು ತಿಳ್ಕೋತಿದ್ರು. ನಾನು ಕೂಗ್ತಿದ್ದೆ. ಅಮ್ಮ ದನಿ ಹಾಕೋದನ್ನೇ ಬಿಟ್ಬಿಟ್ಟಿದ್ರು. ಈ ಮನೇಲಿ ಇವರಿಬ್ಬರೂ ದಿನಗಟ್ಟಲೆ ಜಗಳ ಆಡಿದ್ರೂ ಪಕ್ಕದ ಮನೆಯವರಿಗೆ ಗೊತ್ತಾಗ್ತಿರಲಿಲ್ಲ."

ಗೋಡೆಯ ಪಕ್ಕ ಹೆಂಗಸರ ನಡುವೆ ಟೀಚರಮ್ಮ ಕೂತಿದ್ದರು. ಕನ್ನಡಕದವನ ಕಣ್ಣು ಅವರ ಕಣ್ಣನ್ನು ಸಂಧಿಸಿತು. ಅವರು ನೆಲ ನೋಡಿದರು.

*

ಪರೀಕ್ಷೆಯ ಭಾನುವಾರ ಬಿಸಿಲು ಚೆನ್ನಾಗಿತ್ತು. ಕನ್ನಡಕದವನು ಎಲ್ಲರ ಎದುರಿಗೆ ರೆಕಾರ್ಡನ್ನು ತೆಗೆದ, ಒರೆಸಿದ, ಪ್ಲೇಯರಿನ ಮೇಲಿಟ್ಟ, ಮುಳ್ಳು ಇಳಿಸಿದ. ತಟ್ಟೆ ತಿರುಗತೊಡಗಿತು. ಆಂಪ್ಲಿಫೈಯರಿನ ವಾಲ್ಯೂಮ್ ಗುಂಡಿಯನ್ನು ಅವನು ಮೊದಲೇ ಪೂರ್ತಿ ಸೊನ್ನೆಗೆ ತಿರುಗಿಸಿಟ್ಟಿದ್ದ. ಎಲ್ಲರೂ ಕಣ್ಣು ಮುಚ್ಚಿದರು.

ಅವನು ಪೂರ್ತಿ ಮುಚ್ಚಿರಲಿಲ್ಲ. ರೆಪ್ಪೆಯ ಸಂದಿಯಿಂದ ನೋಡುತ್ತಿದ್ದ.

ಫಿಟ್ಟರ್ ಎಂದಿನಂತೆ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ತೆರೆದ. ತಿರುಗುತ್ತಿದ್ದ ತಟ್ಟೆಯನ್ನು ನೋಡಿದ. ಟೀಚರಮ್ಮನ ಮುಖ ನೋಡಿದ. ಅವರು ಕಣ್ಣು ಮುಚ್ಚಿದ್ದರು. ಬೇಕರಿಯವನು ಹಾಡಿಗೆ ತೂಗುವವನಂತೆ ತಲೆ ತೂಗುತ್ತಿದ್ದ, ನಗು ಬಂದು ಕೆಮ್ಮಿದಂತೆ ಮಾಡಿದ. ಫಿಟ್ಟರ್ ಪೆಟ್ಟಿಗೆಯಿಂದ ಕೈಯೆತ್ತಿ ಅಂಗೈ ನೋಡಿಕೊಂಡ. ಅದನ್ನು ಪ್ಯಾಂಟಿಗೆ ಉಜ್ಜಿದ. ಮತ್ತೆ ಇಟ್ಟ. ತೆಗೆದು, ಎಡಗೈ ಇಟ್ಟ. ಆಮೇಲೆ ಎರಡನ್ನೂ ಇಟ್ಟ.

ಸಿಕ್ಕಿಬಿದ್ದವನ ಚಡಪಡಿಕೆ ಎಂದುಕೊಂಡ ಕನ್ನಡಕದವನು.

ಒಂದು ಬದಿ ಮುಗಿದು ಮುಳ್ಳು ಎದ್ದಿತು. ಟೀಚರಮ್ಮ, "ಹಾಡಿದವನ ದನಿ ಒಣಗಿದ ಹಾಗಿತ್ತು" ಎಂದರು. ಹೇಳಿಕೊಟ್ಟಿದ್ದ ಮಾತು. ಬೇಕರಿಯವನು ಡೋಲಿನ ಬಗ್ಗೆ ಏನೋ ಅಂದ. ಎಲ್ಲರೂ ಫಿಟ್ಟರನ ಕಡೆ ತಿರುಗಿದರು. ಅವನ ಹಣೆಯಲ್ಲಿ ಬೆವರಿತ್ತು. ಆದರೂ ನಕ್ಕ.

"ಗಿಟಾರು ಚೆನ್ನಾಗಿತ್ತು."

ಅವನು ಮೆಟ್ಟಿಲಿಳಿದು ಹೋಗುವವರೆಗೆ ತಡೆದುಕೊಂಡು, ಆಮೇಲೆ ಬೇಕರಿಯವನು ಗೋಡೆಗೊರಗಿ ನಕ್ಕ. ಕನ್ನಡಕದವನೂ ನಕ್ಕ. ಟೀಚರಮ್ಮ ಒಂದು ಕ್ಷಣ ನಕ್ಕು, "ಪಾಪ, ಕಿವಿ ಕೇಳಿಸಲ್ಲ ಅನ್ಸತ್ತೆ. ಇದು ಬೇಡವಾಗಿತ್ತು" ಎಂದು ಚೀಲ ಎತ್ತಿಕೊಂಡರು.

ಮುಂದಿನ ಭಾನುವಾರ ಫಿಟ್ಟರ್ ಬರುವುದಿಲ್ಲ ಎಂದುಕೊಂಡಿದ್ದರು. ಬಂದ. ಅದೇ ಕುರ್ಚಿಯಲ್ಲಿ ಕೂತ. ಅಂಗೈಯನ್ನು ಪೆಟ್ಟಿಗೆಯ ಮೇಲೆ ಅರೆಗಳಿಗೆ ಇಟ್ಟು, ಬಿಸಿ ತಗುಲಿದವನಂತೆ ಹಿಂದಕ್ಕೆ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡ. ಅಂದಿನಿಂದ ಅವನ ಕೈ ತೊಡೆಯ ಮೇಲೇ ಇರುತ್ತಿತ್ತು. ಅವನಿಗೆ ತಮ್ಮ ಪರೀಕ್ಷೆಯ ಗುಟ್ಟು ತಿಳಿದುಹೋಗಿದೆ, ಗೊತ್ತಿದ್ದೂ ಸುಮ್ಮನಿದ್ದಾನೆ, ದೊಡ್ಡ ಮನಸ್ಸಿನವನು ಎಂದು ಮೂವರೂ ತಮ್ಮತಮ್ಮಲ್ಲೇ ತೀರ್ಮಾನಿಸಿಕೊಂಡರು. ಯಾರೂ ಆ ಮಾತೆತ್ತಲಿಲ್ಲ. ಕನ್ನಡಕದವನು ವಾಲ್ಯೂಮನ್ನು ಕಿಟಕಿಯ ಗಾಜು ನಡುಗುವಷ್ಟು ಏರಿಸುವುದನ್ನು ರೂಢಿ ಮಾಡಿಕೊಂಡ. ಅದನ್ನೇ ಕ್ಷಮೆ ಕೇಳಿದ್ದೆಂದು ಲೆಕ್ಕಕ್ಕೆ ಹಿಡಿದ.

*

"ಅವರಿಗೆ ಪೂರ್ತಿ ಕಿವುಡು" ಎಂದಳು ಫಿಟ್ಟರನ ಹೆಂಡತಿ. ದನಿ ಹಾಕಿ ಮಾತಾಡುವುದು ಆಕೆಗೆ ಶ್ರಮವಾಗುತ್ತಿತ್ತು. ಮಾತು ನಡುನಡುವೆ ಇಂಗಿ, ತುಟಿ ಮಾತ್ರ ಆಡುತ್ತಿತ್ತು. "ಮಗ್ಗದ ಸದ್ದು ತಿಂದ್ಹಾಕ್ತು. ನಿಮಗೆ ಗೊತ್ತಾಗಬಾರದು ಅಂತ ಹಟ. ಗೊತ್ತಾದ್ರೆ ಕರೆಯಲ್ಲ ಅಂತ."

"ನಾವು ಕರೀದೇ ಇರ್ತಿದ್ವಾ ಅಕ್ಕ…" ಎಂದ ಬೇಕರಿಯವನು.

"ಕೈಯಲ್ಲಿ ಕೇಳ್ತಿದ್ರು. ಮಿಲ್ಲಲ್ಲೂ ಹಾಗೇನೇ. ಮಗ್ಗದ ಮೇಲೆ ಕೈಯಿಟ್ಟು ಎಲ್ಲಿ ಸಡಿಲ ಆಗಿದೆ ಅಂತ ಹೇಳೋರು. ನಿಮ್ಮ ಹಾಡೂ ಮಗ್ಗದ ಹಾಗೇ ಅಂತೆ, ಸುತ್ತಿ ಸುತ್ತಿ ಹೊರಟ ಜಾಗಕ್ಕೇ ಬರತ್ತಂತೆ. ಹಳೇವೆಲ್ಲ ಅವರಿಗೆ ನೆನಪಿದ್ವು. ಕೈಗೆ ತಾಳ ಸಿಕ್ಕಿದ್ರೆ ಸಾಕು, ಉಳಿದಿದ್ದು ಒಳಗಿಂದ ಬರೋದು. ಭಾನುವಾರ ಯಾಕೆ ತಪ್ಪಿಸಲ್ಲ ಅಂತ ನಾನು ಕೇಳಿದ್ದೆ. ಅದಕ್ಕೆ ಅವರು, ಬೇರೆ ಕಡೆಯೆಲ್ಲ ಜನ ಮಾತಾಡ್ತಾರೆ, ನಾನು ಬಾಯಿ ನೋಡ್ತಾ ಕೂರಬೇಕು. ಅಲ್ಲಿ ಯಾರೂ ಮಾತಾಡಲ್ಲ, ಎಲ್ಲರೂ ಕಣ್ಣು ಮುಚ್ಕೊಂಡಿರ್ತಾರೆ, ಅಲ್ಲಿ ನಾನೂ ಅವರೂ ಒಂದೇ, ಅಂದ್ರು."

ಕನ್ನಡಕದವನು ತಾನು ತಂದ ರೆಕಾರ್ಡಿನ ಅಂಚನ್ನು ಬೆರಳಿನಿಂದ ಸವರುತ್ತ ನಿಂತಿದ್ದ.

"ಆಮೇಲೆ ಒಂದು ಭಾನುವಾರ ಕೈಯೂ ಹೋಯ್ತು" ಎಂದಳು ಆಕೆ.

"ಕೈಯೂ?"

"ಎಲ್ಲರೂ ಹಾಡು ಕೇಳ್ತಾ ಇದಾರೆ, ತಟ್ಟೆ ತಿರುಗ್ತಾ ಇದೆ, ಕೈಗೆ ಏನೂ ಗೊತ್ತಾಗ್ತಿಲ್ಲ. ಎರಡೂ ಕೈ ಇಟ್ಟು ನೋಡಿದ್ರಂತೆ. ಮನೆಗೆ ಬಂದು ಇಲ್ಲೇ ಕೂತು, ಕೈ ಮುಂದೆ ಚಾಚಿ, ಇದೂ ಸತ್ತುಹೋಯ್ತು ಕಣೇ ಅಂದ್ರು. ಅವರು ಅಳೋದು ನಾನು ನೋಡಿದ್ದು ಅವತ್ತೊಂದೇ ದಿನ."

ಮಗಳು ಮುಂದುವರಿಸಿದಳು. ಬಸ್ಸಿನಲ್ಲಿ ನಿಲ್ದಾಣದ ಹೆಸರು ಹೇಳುವಂತೆ, ಏರಿಳಿತವಿಲ್ಲದೆ. "ಎಲ್ಲಾ ಡಾಕ್ಟರಿಗೂ ತೋರಿಸಿದ್ವಿ ಮಾವ. ಸೂಜಿ ಚುಚ್ಚಿ ನೋಡಿದ್ರು, ಕರೆಂಟ್ ಕೊಟ್ಟು ನೋಡಿದ್ರು. ನರ ಚೆನ್ನಾಗಿದೆ ಅಂದ್ರು. ಅಪ್ಪ ನಂಬಲಿಲ್ಲ. ಒಂದು ಸಲ ಸುಮ್ಮನಾದ ಕೈ ಯಾವಾಗ ಬೇಕಾದ್ರೂ ಸುಮ್ಮನಾಗಬಹುದು, ಅಂಥ ಕೈನ ಓಡೋ ಮಗ್ಗದ ಮೇಲೆ ಇಡಬಾರದು, ನನ್ನಿಂದ ಬೇರೆ ಯಾರಿಗೋ ಬೆರಳು ಹೋಗತ್ತೆ, ಅಂದ್ರು. ತಾವೇ ಕೇಳ್ಕೊಂಡು ಗೇಟಿಗೆ ಹಾಕಿಸ್ಕೊಂಡ್ರು. ರಿಟೈರ್ ಆಗೋವರೆಗೂ ಗೇಟ್ ತೆಗೆಯೋದು, ಹಾಕೋದು."

"ನಿಮ್ಮ ಪೆಟ್ಟಿಗೆ ಮೇಲೂ ಇಡ್ತಿರಲಿಲ್ಲ ಅಲ್ವಾ?" ಎಂದಳು ಹೆಂಡತಿ. "ಇಟ್ಟು ನೋಡಿ, ಇವತ್ತೂ ಸಿಗದೇ ಹೋದ್ರೆ? ಇಡದೇ ಇದ್ರೆ ಇರಬಹುದು ಅಂತಾದ್ರೂ ಇರತ್ತೆ, ಅನ್ನೋರು."

ಬೇಕರಿಯವನು ಮುಖ ತಿರುಗಿಸಿ ಬಾಗಿಲಿನ ಕಡೆ ನಡೆದ.

"ಮಾವ, ಒಂದು ಕೇಳ್ಲಾ?" ಎಂದಳು ಮಗಳು. "ಡಾಕ್ಟರು ಪದೇ ಪದೇ ಕೇಳಿದ್ರು, ಅಪ್ಪನಿಗೆ ಸರಿಯಾಗಿ ಹೇಳಕ್ಕಾಗ್ಲಿಲ್ಲ. ಆ ದಿನ ಅವರು ಹೇಗಿದ್ರು? ಕೈ ನಡುಗ್ತಿತ್ತಾ? ಬಾಯಿ ವಾರೆ ಆಗಿತ್ತಾ? ನೀವು ಏನಾದ್ರೂ ಗಮನಿಸಿದ್ರಾ?"

ಕೋಣೆಯಲ್ಲಿ ಇದ್ದವರೆಲ್ಲ ತನ್ನನ್ನೇ ನೋಡುತ್ತಿದ್ದಾರೆಂದು ಕನ್ನಡಕದವನಿಗೆ ಅನಿಸಿತು. ನಿಜವಾಗಿ ನೋಡುತ್ತಿದ್ದವರು ಮೂರು ಜನ. ಟೀಚರಮ್ಮ ತಲೆಯನ್ನು ಇಷ್ಟೇ ಇಷ್ಟು, ಬೇಡ ಎಂಬಂತೆ ಆಡಿಸಿದರು.

"ಇಲ್ಲಮ್ಮ" ಎಂದ. "ಅವತ್ತು ಎಲ್ಲ ಎಂದಿನ ಹಾಗೇ ಇತ್ತು."

ಹೊರಗೆ ಬಂದಾಗ ಬೇಕರಿಯವನು ವ್ಯಾನಿನ ಮರೆಯಲ್ಲಿ ನಿಂತಿದ್ದ. ಟೀಚರಮ್ಮನೂ ಹಿಂದೆಯೇ ಬಂದರು.

"ಹೇಳ್ಬೇಕು" ಎಂದ ಕನ್ನಡಕದವನು.

"ಯಾರಿಗೆ? ಅವನಿಗಾ? ತಡ ಆಯ್ತು" ಎಂದ ಬೇಕರಿಯವನು. "ಆಕೆಗೆ ಹೇಳಿ ಏನು ಮಾಡ್ತೀಯ? ನಿನ್ನ ಗಂಡ ಇಷ್ಟು ವರ್ಷ ಗೇಟ್ ಕಾದಿದ್ದು ನಾವು ಹಲ್ಲು ಕಿರಿಯಕ್ಕೆ ಅಂತಲಾ? ಇವತ್ತು, ಮಂಚದ ಪಕ್ಕ ನಿಂತು?"

"ಅವನ ಕೈ ಸರಿಯಾಗಿತ್ತು. ಅಷ್ಟಾದ್ರೂ ಆಕೆಗೆ ಗೊತ್ತಾಗಬೇಡ್ವಾ?" ಎಂದ ಕನ್ನಡಕದವನು.

"ನಾಟಕ ಅಂತ ಮೊದಲು ಅಂದಿದ್ದು ನಾನು" ಎಂದರು ಟೀಚರಮ್ಮ. ಚೀಲದಿಂದ ಕರವಸ್ತ್ರ ತೆಗೆದು, ಉಪಯೋಗಿಸದೆ ಮಡಚಿ ಒಳಗಿಟ್ಟರು.

ಅಷ್ಟರಲ್ಲಿ ಒಳಗಿನಿಂದ ಮಗಳ ಕರೆ ಬಂತು. ಮಂಚದ ಪಕ್ಕ ಪೆಟ್ಟಿಗೆ ನಿಲ್ಲಿಸಿಯಾಗಿತ್ತು, ಮೇಲ್ಮುಖದ ಬಾಣ ಮೇಲಕ್ಕೇ ಇತ್ತು. ಕನ್ನಡಕದವನು ನೆಲದ ಮೇಲೆ ಕೂತು ತಂತಿಗಳನ್ನು ಜೋಡಿಸಿದ.

ಮಂಚದ ಕಾಲಬುಡದಲ್ಲಿ ಕುರ್ಚಿಯ ಮೇಲೆ ಫಿಟ್ಟರನ ಅಣ್ಣ ಕೂತಿದ್ದರು. ಕೋಲಿನ ತುದಿಯನ್ನು ನೆಲಕ್ಕೆ ಕುಟ್ಟಿದರು.

"ಏನಿದು? ಹೆಣ ಮುಂದಿಟ್ಕೊಂಡು ಹಾಡು ಹಾಕ್ತೀರಾ? ಬೀದಿಯವರು ಏನಂದ್ಕೊಳ್ತಾರೆ?"

"ದೊಡ್ಡಪ್ಪ, ಅಪ್ಪನಿಗೆ…"

"ನಿಮ್ಮಪ್ಪನಿಗೆ ಗುಡುಗೇ ಕೇಳಿಸ್ತಿರಲಿಲ್ಲ, ಇದು ಕೇಳಿಸತ್ತಾ? ಸತ್ತ ಮನೆ ಇದು, ಮದುವೆ ಮನೆ ಅಲ್ಲ."

ಹೆಂಡತಿ ಅವರ ಕಡೆ ನೋಡಿದಳು. ಜಗಳವಾಡುವ ಶಕ್ತಿ ಆಕೆಯಲ್ಲಿರಲಿಲ್ಲ. ಕನ್ನಡಕದವನ ಕಡೆ ತಿರುಗಿ, ದನಿ ಹಾಕಿ ಮಾತಾಡಿದಳು.

"ಸದ್ದು ಬೇಡ ಬಿಡಿ. ಸದ್ದಿಲ್ಲದೆ ಹಾಕಿ. ತಟ್ಟೆ ತಿರುಗಲಿ, ಅಷ್ಟು ಸಾಕು. ಅವರಿಗೂ ಅಷ್ಟೇ ಸಿಗ್ತಿದ್ದಿದ್ದು."

ಕನ್ನಡಕದವನು ಆಕೆ ಹೇಳಿದಂತೆ ಮಾಡಿದ. ರೆಕಾರ್ಡನ್ನು ಹೊದಿಕೆಯಿಂದ ತೆಗೆದ, ತೋಳಿನಿಂದ ಒರೆಸಿದ, ಇಟ್ಟ. ಗುಂಡಿಯನ್ನು ಸೊನ್ನೆಗೆ ತಿರುಗಿಸಿದ. ಮುಳ್ಳು ಇಳಿಸಿದ. ತಟ್ಟೆ ತಿರುಗತೊಡಗಿತು. ಬೆಳಿಗ್ಗೆ ಕಪಾಟಿನಿಂದ ಅವನು ಎಳೆದುಕೊಂಡಿದ್ದು ಅದೇ ರೆಕಾರ್ಡು. ಆ ಭಾನುವಾರ ಯಾರೂ ಕೇಳದೆ ಹೋದದ್ದು.

ಬಾಗಿಲಿನಲ್ಲಿ ಬೇಕರಿಯವನು, ಅವನ ಹಿಂದೆ ಟೀಚರಮ್ಮ. ಇಬ್ಬರೂ ಕಣ್ಣು ಮುಚ್ಚಿರಲಿಲ್ಲ.

ಹೆಂಡತಿ ಬಿಳಿಯ ಬಟ್ಟೆಯ ಕೆಳಗಿನಿಂದ ಗಂಡನ ಬಲಗೈಯನ್ನು ಹೊರತೆಗೆದಳು. ಅದು ಸಲೀಸಾಗಿ ಬರಲಿಲ್ಲ. ಮಗಳು ಪೆಟ್ಟಿಗೆಯನ್ನು ಮಂಚಕ್ಕೆ ಇನ್ನಷ್ಟು ಒತ್ತಿ ಸರಿಸಿದಳು. ಆಕೆ ಆ ಕೈಯನ್ನು ಪೆಟ್ಟಿಗೆಯ ನೆತ್ತಿಯ ಮೇಲಿಟ್ಟು, ಜಾರದಂತೆ ಅದರ ಮೇಲೆ ತನ್ನ ಕೈಯಿಟ್ಟಳು. ಒಂದು ಬೆರಳು ಮರಕ್ಕೆ ತಾಗುತ್ತಿತ್ತು. ಹಾಗೆಯೇ ಸ್ವಲ್ಪ ಹೊತ್ತು ಕೂತಳು.

"ಏನೂ ಇಲ್ಲ" ಎಂದಳು ಮೆಲ್ಲಗೆ. "ಹೀಗೇ ಆಗಿರಬೇಕು ಅವರಿಗೆ ಅವತ್ತು."

ಕನ್ನಡಕದವನ ಬೆರಳುಗಳು ಗುಂಡಿಯ ಮೇಲೇ ಇದ್ದವು. ಅವನು ತಿರುಗಿಸಿದ. ಬೀದಿಗೆ ಕೇಳುವಷ್ಟಲ್ಲ, ದೊಡ್ಡಪ್ಪನ ಕೋಲು ಮೇಲೇಳುವಷ್ಟೂ ಅಲ್ಲ. ಗೋಡೆಯಾಚೆ ಯಾರೋ ನಡೆದಾಡಿದಂತೆ ಬೇಸ್ ಗಿಟಾರಿನ ದನಿ ತಳದಲ್ಲಿ ಎದ್ದಿತು, ಕ್ರೇಟಿನ ಹಲಗೆಗಳಿಗೆ ತಾಗಿತು, ಮೇಲಕ್ಕೆ ಬಂತು.

ಹೆಂಡತಿಯ ಭುಜ ಸೆಟೆಯಿತು. ಆಕೆ ಕೈ ತೆಗೆಯಲಿಲ್ಲ. ತನ್ನ ಕೈಯನ್ನು ನೋಡಿದಳು, ಅದರಡಿಯ ಕೈಯನ್ನು ನೋಡಿದಳು. ಆಮೇಲೆ ಕಣ್ಣು ತಂತಿಯ ಗುಂಟ ನಿಧಾನವಾಗಿ ಸರಿದು ಆಂಪ್ಲಿಫೈಯರಿಗೆ ಬಂತು, ಅಲ್ಲಿ ಗುಂಡಿ ಹಿಡಿದಿದ್ದ ಬೆರಳುಗಳ ಮೇಲೆ ನಿಂತಿತು. ಅಲ್ಲಿಂದ ಅವನ ಮುಖಕ್ಕೆ.

ಆಕೆಯ ತುಟಿಗಳು ಆಡಿದವು. ಚಿಕ್ಕ ಮಾತು. ದನಿಯಿರಲಿಲ್ಲ.

ಅವನಿಗೆ ತುಟಿ ಓದಲು ಬರುತ್ತಿರಲಿಲ್ಲ. ಮಗಳು ಪೆಟ್ಟಿಗೆ ಜಾರದಂತೆ ಹಿಡಿದುಕೊಂಡು ಆ ಕಡೆ ಮುಖ ಮಾಡಿದ್ದಳು. ದನಿ ಕೊಟ್ಟು ಹೇಳುವವರು ಯಾರೂ ಇರಲಿಲ್ಲ. ಕನ್ನಡಕದವನು ಆಕೆಯ ಕಣ್ಣಿನಿಂದ ಕಣ್ಣು ತೆಗೆಯದೆ, ಹೌದು ಎಂದು ತಲೆಯಾಡಿಸಿದ.

ಆಕೆ ಇನ್ನೊಂದು ಗಳಿಗೆ ಅವನನ್ನೇ ನೋಡಿದಳು. ಆಮೇಲೆ ಅವನಿಗೆ ಬೆನ್ನು ಮಾಡಿ ಗಂಡನ ಮುಖದ ಕಡೆ ತಿರುಗಿದಳು. ಸಡಿಲವಾಗಿದ್ದ ಕನ್ನಡಕವನ್ನು ಎಡಗೈಯಿಂದ ನೇರ ಮಾಡಿದಳು. ಹತ್ತಿರ ಬಾಗಿ, ಗಂಡನಿಗೆ ಕಾಣುವಂತೆ, ಒಂದೊಂದು ಅಕ್ಷರವನ್ನೂ ಬಿಡಿಸಿ, ದನಿಯೇ ಇಲ್ಲದೆ ಏನನ್ನೋ ಹೇಳತೊಡಗಿದಳು. ಹಾಡು ಮುಗಿಯುವವರೆಗೂ ಹೇಳುತ್ತಲೇ ಇದ್ದಳು. ಪೆಟ್ಟಿಗೆಯ ಮೇಲೆ ಆ ಎರಡು ಕೈಗಳು ಸಣ್ಣಗೆ ನಡುಗುತ್ತಿದ್ದವು.